ಆಧುನಿಕ ತತ್ವಜ್ಞಾನಿಗಳು ಮತ್ತು ಪಾಶ್ಚಾತ್ಯ ಸಂಸ್ಕೃತಿ: ಧರ್ಮಸಭೆ ಏನು ಹೇಳುತ್ತದೆ?

'ನಿಮ್ಮ ಸತ್ಯ ನಿಮಗೆ, ನನ್ನ ಸತ್ಯ ನನಗೆ.' 'ದೇವರು, ಧರ್ಮ ಎಲ್ಲ ಖಾಸಗಿ ವಿಷಯ.' 'ನನ್ನ ಜೀವನ ನನ್ನ ಇಷ್ಟ, ಯಾರಿಗೂ ತೊಂದರೆ ಆಗದಿದ್ದರೆ ಸಾಕಲ್ಲವೇ?' ಧರ್ಮೋಪದೇಶದ ಶಿಕ್ಷಕರು, ಮದುವೆ ತಯಾರಿ ಶಿಬಿರ ನಡೆಸುವವರು, ಯುವಜನ ಸಂಘಟನೆಗಳ ಸಚೇತಕರು ಇಂದು ಎದುರಿಸುವ ಮಾತುಗಳಿವು. ಹೀಗೆ ಹೇಳುವ ಯುವಕ ಯುವತಿಯರಲ್ಲಿ ಹೆಚ್ಚಿನವರು ಯಾವ ತತ್ವಜ್ಞಾನಿಯ ಪುಸ್ತಕವನ್ನೂ ಓದಿದವರಲ್ಲ. ಆದರೆ ಘಟ್ಟದ ಮೇಲೆ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದರೂ ನೇತ್ರಾವತಿಯ ನೀರು ಕೆಂಪಾಗುತ್ತದೆ. ವಿಚಾರಗಳೂ ಹಾಗೆಯೇ. ಯುರೋಪಿನ ಗ್ರಂಥಗಳಲ್ಲಿ ಹುಟ್ಟಿ ವಿಶ್ವವಿದ್ಯಾಲಯ, ಕಾನೂನು, ಕಾದಂಬರಿ, ಸಿನೆಮಾಗಳ ಮೂಲಕ ಹರಿದು ಬಂದು ಅವು ನಮ್ಮ ಮನೆಯ ಊಟದ ಮೇಜನ್ನೂ ತಲಪುತ್ತವೆ. ಆ ನೀರಿನ ಮೂಲ ಎಲ್ಲಿದೆ, ಅದನ್ನು ಧರ್ಮಸಭೆ ಹೇಗೆ ಪರಿಶೀಲಿಸಿದೆ ಎಂಬುದನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಹಿಂದಿದ್ದ ನೆಲೆ

ಮಧ್ಯಯುಗದ ಕ್ರೈಸ್ತ ಚಿಂತನೆಯನ್ನು ಶಿಖರಕ್ಕೇರಿಸಿದವರು 1274ರಲ್ಲಿ ನಿಧನರಾದ ಸಂತ ಥಾಮಸ್ ಅಕ್ವಿನಾಸರು. ಅವರ ನಿಲುವನ್ನು ಮೂರು ಮಾತುಗಳಲ್ಲಿ ಹೇಳಬಹುದು. ನಮ್ಮ ಹೊರಗಿನ ಜಗತ್ತು ನಿಜವಾಗಿ ಇದೆ. ನಮ್ಮ ಬುದ್ಧಿ ಅದನ್ನು ತಕ್ಕಮಟ್ಟಿಗೆ ಅರಿಯಬಲ್ಲದು. ಬುದ್ಧಿಯನ್ನು ಕೊಟ್ಟ ದೇವರೇ ವಿಶ್ವಾಸವನ್ನೂ ಕೊಟ್ಟಿರುವುದರಿಂದ ಎರಡರ ನಡುವೆ ನಿಜವಾದ ಜಗಳ ಇರಲಾರದು.

ಜಗದ್ಗುರು ಹದಿಮೂರನೆಯ ಲಿಯೋ 1879ರ ಆಗಸ್ಟ್ 4ರಂದು 'ಎತೆರ್ನಿ ಪಾತ್ರಿಸ್' ಎಂಬ ವಿಶ್ವಪತ್ರ ಬರೆದು, ಕಥೋಲಿಕ ಶಾಲೆ ಹಾಗೂ ಗುರುಮಠಗಳಲ್ಲಿ ಅಕ್ವಿನಾಸರ ತತ್ವಶಾಸ್ತ್ರವನ್ನು ಮತ್ತೆ ಜೀವಂತಗೊಳಿಸಬೇಕೆಂದು ಕರೆಯಿತ್ತರು. ಮಂಗಳೂರಿನ ಸಂತ ಜೋಸೆಫರ ಗುರುಮಠವನ್ನು ಯೇಸುಸಭೆಯ ಗುರುಗಳು ಆರಂಭಿಸಿದ್ದೂ ಅದೇ ವರ್ಷದಲ್ಲಿ. ಗುರುವಾಗಲು ಬಂದವನು ದೈವಶಾಸ್ತ್ರಕ್ಕೆ ಮೊದಲು ವರ್ಷಗಟ್ಟಲೆ ತತ್ವಶಾಸ್ತ್ರ ಕಲಿಯಬೇಕಾದದ್ದು ಏಕೆ ಎಂದು ಕೆಲವರು ಕೇಳುವುದುಂಟು. ಜನರ ಮನಸ್ಸಿನಲ್ಲಿ ಏನು ಹರಿಯುತ್ತಿದೆ ಎಂದು ತಿಳಿಯದವನು ಅವರಿಗೆ ಶುಭಸಂದೇಶ ಸಾರುವುದು ಕಷ್ಟ ಎಂಬುದೇ ಉತ್ತರ.

ಡೆಕಾರ್ಟ್: 'ನಾನು' ಎಂಬಲ್ಲಿಂದ ಆರಂಭ

ಆಧುನಿಕ ತತ್ವಶಾಸ್ತ್ರದ ಪಿತಾಮಹ ಎನಿಸಿಕೊಂಡ ಫ್ರಾನ್ಸಿನ ರೆನೆ ಡೆಕಾರ್ಟ್ (1596-1650) ನಾಸ್ತಿಕರಲ್ಲ. ಲಾ ಫ್ಲೆಷ್‌ನ ಯೇಸುಸಭೆಯ ಕಾಲೇಜಿನಲ್ಲಿ ಕಲಿತ ಕಥೋಲಿಕರು. 1637 ಮತ್ತು 1641ರಲ್ಲಿ ಪ್ರಕಟವಾದ ತಮ್ಮ ಗ್ರಂಥಗಳಲ್ಲಿ ಅವರು, ಸಂಶಯಕ್ಕೆ ಎಡೆಯಿರುವ ಎಲ್ಲವನ್ನೂ ಬದಿಗಿಟ್ಟು, ಸಂಶಯಿಸಲು ಸಾಧ್ಯವೇ ಇಲ್ಲದ ಒಂದು ಬಿಂದುವನ್ನು ಹುಡುಕಿದರು. ತಾನು ಯೋಚಿಸುತ್ತಿರುವುದರಿಂದ ತಾನು ಇರಲೇಬೇಕು ಎಂಬುದು ಅವರಿಗೆ ಸಿಕ್ಕಿದ ಬಿಂದು. ಅಲ್ಲಿಂದಲೇ ದೇವರ ಅಸ್ತಿತ್ವವನ್ನೂ ಸಾಧಿಸಲು ಯತ್ನಿಸಿದರು.

ಉದ್ದೇಶ ಒಳ್ಳೆಯದೇ. ಆದರೆ ಕ್ರಮ ತಲೆಕೆಳಗಾಯಿತು ಎಂದು ಸಂತ ದ್ವಿತೀಯ ಜಾನ್ ಪಾವ್ಲ್ 2005ರಲ್ಲಿ ಹೊರಬಂದ 'ನೆನಪು ಮತ್ತು ಅಸ್ಮಿತೆ' ಎಂಬ ಅರ್ಥದ ಹೆಸರಿನ ತಮ್ಮ ಪುಸ್ತಕದಲ್ಲಿ ವಿವರಿಸುತ್ತಾರೆ. ಅಕ್ವಿನಾಸರಿಗೆ ಇರವು ಮೊದಲು, ಯೋಚನೆ ಆಮೇಲೆ. ದೇವರು ಇರವಿನ ಮೂಲ. ಡೆಕಾರ್ಟರ ನಂತರ ಯೋಚನೆ ಮೊದಲಾಯಿತು, ದೇವರು ಮನುಷ್ಯನ ಯೋಚನೆಯೊಳಗಿನ ಒಂದು ವಿಷಯವಾದರು. ಯೋಚನೆಯೊಳಗೆ ತಂದಿಟ್ಟದ್ದನ್ನು ನಾಳೆ ಯೋಚನೆಯಿಂದ ತೆಗೆದು ಹಾಕಲೂಬಹುದು.

ಕಾಂಟ್: ಬೀಗ ಹಾಕಿದ ಬಾಗಿಲು

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ (1724-1804) ಭಕ್ತಿವಂತ ಲೂಥರನ್ ಕುಟುಂಬದವರು. 1781ರ ತಮ್ಮ ಮಹಾಗ್ರಂಥದಲ್ಲಿ ಅವರು ಮನುಷ್ಯನ ಬುದ್ಧಿಗೆ ಗಡಿ ಹಾಕಿದರು. ವಸ್ತುಗಳು ನಮಗೆ ತೋರುವ ರೀತಿಯನ್ನಷ್ಟೇ ನಾವು ಅರಿಯಬಲ್ಲೆವು, ಅವು ತಮ್ಮಷ್ಟಕ್ಕೆ ಹೇಗಿವೆ ಎಂಬುದನ್ನು ಅರಿಯಲಾರೆವು. ದೇವರು, ಆತ್ಮ ಇವು ಜ್ಞಾನದ ವ್ಯಾಪ್ತಿಗೆ ಹೊರಗೆ ಎಂದರು. ನೈತಿಕ ಬದುಕಿಗೆ ಮಾತ್ರ ದೇವರನ್ನು ಒಪ್ಪಿಕೊಳ್ಳಬೇಕಾಗುತ್ತದೆ ಎಂದರು.

ಇದರ ಫಲವೇನು? ವಿಜ್ಞಾನಕ್ಕೆ 'ಜ್ಞಾನ' ಎಂಬ ಹೆಸರು, ವಿಶ್ವಾಸಕ್ಕೆ 'ಅಭಿಪ್ರಾಯ' ಅಥವಾ 'ಭಾವನೆ' ಎಂಬ ಹೆಸರು ಅಂಟಿಕೊಂಡಿತು. ಧರ್ಮ ಖಾಸಗಿ ಕೋಣೆಗೆ ಸೇರಿತು. 2006ರ ಸೆಪ್ಟೆಂಬರ್ 12ರಂದು ಜರ್ಮನಿಯ ರೆಗೆನ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಮಾಡಿದ ಭಾಷಣ ಬೇರೆ ಕಾರಣಕ್ಕೆ ಸುದ್ದಿಯಾಯಿತು. ಅದರ ಮುಖ್ಯ ವಾದ ಇದೇ ಆಗಿತ್ತು: ಅಳೆಯಲು ಬರುವುದನ್ನಷ್ಟೇ ಬುದ್ಧಿಯ ವಿಷಯ ಎಂದು ಒಪ್ಪಿದರೆ, ಮನುಷ್ಯ ಎಲ್ಲಿಂದ ಬಂದ, ಎಲ್ಲಿಗೆ ಹೋಗುತ್ತಾನೆ, ಯಾವುದು ಒಳಿತು ಎಂಬ ದೊಡ್ಡ ಪ್ರಶ್ನೆಗಳಿಗೆ ಬುದ್ಧಿಯಲ್ಲಿ ಜಾಗವೇ ಉಳಿಯುವುದಿಲ್ಲ.

ಕಾಂಟರಿಂದ ಧರ್ಮಸಭೆ ಕಲಿತದ್ದೂ ಇದೆ. ಯಾವ ಮನುಷ್ಯನನ್ನೂ ಬರೇ ಸಾಧನವಾಗಿ ಬಳಸಬಾರದು ಎಂಬ ಅವರ ತತ್ವವನ್ನು ತೆಗೆದುಕೊಂಡು, ಅದನ್ನು ಪ್ರೀತಿಯ ಆಜ್ಞೆಯೊಂದಿಗೆ ಜೋಡಿಸಿ, ಮುಂದೆ ಪೋಪ್ ಆದ ಕರೋಲ್ ವೊಯ್ತಿವಾ 1960ರಲ್ಲಿ 'ಪ್ರೀತಿ ಮತ್ತು ಹೊಣೆಗಾರಿಕೆ' ಎಂಬ ಅರ್ಥದ ಗ್ರಂಥವನ್ನು ಬರೆದರು. ನಮ್ಮ ಮದುವೆ ತಯಾರಿ ಶಿಬಿರಗಳಲ್ಲಿ ಕೇಳಿಬರುವ ಎಷ್ಟೋ ವಿಚಾರಗಳ ಬೇರು ಅಲ್ಲಿದೆ.

ಮಾರ್ಕ್ಸ್ ಮತ್ತು ನೀತ್ಸೆ

ಕಾರ್ಲ್ ಮಾರ್ಕ್ಸ್ (1818-1883) ಕಾರ್ಖಾನೆ ಕಾರ್ಮಿಕರ ಬವಣೆಯ ಕುರಿತು ಬರೆದವರು. ಅವರು ವರ್ಣಿಸಿದ ಅನ್ಯಾಯ ನಿಜ. ಹದಿಮೂರನೆಯ ಲಿಯೋ ಕೂಡ 1891ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಕಾರ್ಮಿಕರ ಪರವಾಗಿ ಮಾತಾಡಿದರು, ಮಾರ್ಕ್ಸ್ ಸೂಚಿಸಿದ ದಾರಿಯನ್ನು ಮಾತ್ರ ಒಪ್ಪಲಿಲ್ಲ. 2007ರ 'ಸ್ಪೆ ಸಾಲ್ವಿ' ವಿಶ್ವಪತ್ರದಲ್ಲಿ ಬೆನೆಡಿಕ್ಟರು ಮಾರ್ಕ್ಸರ ವಿಶ್ಲೇಷಣಾ ಶಕ್ತಿಯನ್ನು ಮೆಚ್ಚಿ, ಬಳಿಕ ತಪ್ಪನ್ನು ತೋರಿಸುತ್ತಾರೆ. ಆರ್ಥಿಕ ವ್ಯವಸ್ಥೆ ಸರಿಯಾದರೆ ಮನುಷ್ಯನೂ ತಾನಾಗಿ ಸರಿಯಾಗುತ್ತಾನೆ ಎಂದು ಮಾರ್ಕ್ಸ್ ನಂಬಿದರು. ಮನುಷ್ಯನಿಗೆ ಸ್ವಾತಂತ್ರ್ಯವಿದೆ, ಕೆಟ್ಟದ್ದನ್ನು ಆರಿಸುವ ಸ್ವಾತಂತ್ರ್ಯವೂ ಇದೆ ಎಂಬುದನ್ನು ಮರೆತರು.

ಫ್ರೆಡ್ರಿಕ್ ನೀತ್ಸೆ (1844-1900) ಲೂಥರನ್ ಪಾದ್ರಿಯೊಬ್ಬರ ಮಗ. 1882ರ ಪುಸ್ತಕವೊಂದರಲ್ಲಿ ಹುಚ್ಚನೊಬ್ಬ ಸಂತೆಗೆ ಬಂದು ದೇವರ ಸಾವನ್ನು ಸಾರುವ ಕಥೆ ಹೇಳಿದರು. ಗಮನಿಸಬೇಕಾದದ್ದೇನೆಂದರೆ, ಆ ಹುಚ್ಚನನ್ನು ನೋಡಿ ನಗುವವರು ಭಕ್ತರಲ್ಲ, ದೇವರನ್ನು ನಂಬದ ಜನ. ದೇವರನ್ನು ಬಿಟ್ಟ ಮೇಲೆ ಏನೆಲ್ಲ ಕುಸಿಯುತ್ತದೆ ಎಂಬುದು ಅವರಿಗಿನ್ನೂ ಅರ್ಥವಾಗಿಲ್ಲ ಎಂಬುದು ನೀತ್ಸೆಯ ಎಚ್ಚರಿಕೆ. ದೇವರನ್ನು ಬಿಟ್ಟು ಕ್ರೈಸ್ತ ನೀತಿಯನ್ನು ಮಾತ್ರ ಇಟ್ಟುಕೊಳ್ಳಲು ಬರುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಅಷ್ಟರ ಮಟ್ಟಿಗೆ ಅವರು ಪ್ರಾಮಾಣಿಕರು. ಆದರೆ ದುರ್ಬಲರ ಮೇಲಿನ ಕರುಣೆಯನ್ನೇ ಅವರು ದೋಷವೆಂದು ಕಂಡರು. ಶಿಲುಬೆಯ ಬಳಿ ನಿಂತಿರುವ ಧರ್ಮಸಭೆ ಇದನ್ನು ಎಂದಿಗೂ ಒಪ್ಪಲಾರದು. ಕ್ರೈಸ್ತಧರ್ಮ ಪ್ರೇಮಕ್ಕೆ ವಿಷವುಣಿಸಿತು ಎಂಬ ಅವರ ಆರೋಪಕ್ಕೆ ಬೆನೆಡಿಕ್ಟರು ತಮ್ಮ ಮೊದಲ ವಿಶ್ವಪತ್ರದ ಆರಂಭದಲ್ಲೇ ನೀತ್ಸೆಯ ಹೆಸರೆತ್ತಿ ಉತ್ತರಿಸಿದ್ದಾರೆ.

ಸಾರ್ತ್ರ್: ಸ್ವರೂಪವಿಲ್ಲದ ಸ್ವಾತಂತ್ರ್ಯ

ಎರಡನೇ ಮಹಾಯುದ್ಧ ಮುಗಿದ ಕೆಲವೇ ತಿಂಗಳಲ್ಲಿ, 1945ರ ಅಕ್ಟೋಬರ್ 29ರಂದು, ಜಾನ್ ಪಾಲ್ ಸಾರ್ತ್ರ್ ಪ್ಯಾರಿಸಿನಲ್ಲಿ ಒಂದು ಉಪನ್ಯಾಸ ನೀಡಿದರು. ಕಾಗದ ಕತ್ತರಿಸುವ ಚಾಕುವಿನ ಉದಾಹರಣೆ ತೆಗೆದುಕೊಂಡರು. ಚಾಕು ಮಾಡುವವನಿಗೆ ಅದು ಯಾತಕ್ಕೆ ಎಂಬುದು ಮೊದಲೇ ಗೊತ್ತಿರುತ್ತದೆ. ಆದರೆ ಮನುಷ್ಯನನ್ನು ಮಾಡಿದ ದೇವರೇ ಇಲ್ಲದಿದ್ದರೆ, ಮನುಷ್ಯ ಯಾತಕ್ಕಾಗಿ ಇದ್ದಾನೆ ಎಂಬುದಕ್ಕೆ ಮೊದಲೇ ಬರೆದಿಟ್ಟ ಉತ್ತರವಿಲ್ಲ. ಅವನೇ ತನ್ನನ್ನು ರೂಪಿಸಿಕೊಳ್ಳಬೇಕು ಎಂದರು.

ಇದರಲ್ಲಿ ಹೊಣೆಗಾರಿಕೆಯ ದೊಡ್ಡ ಕರೆಯಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಯಾವ ಆಯ್ಕೆ ಒಳ್ಳೆಯದು ಎಂದು ಅಳೆಯುವ ಕೋಲೇ ಇಲ್ಲದಿದ್ದರೆ, ಆರಿಸಿದ್ದೆಲ್ಲವೂ ಸಮವಾಗುತ್ತದೆ. ಸ್ವಾತಂತ್ರ್ಯ ಸತ್ಯದ ಆಧಾರ ಕಳೆದುಕೊಂಡರೆ ಕೊನೆಗೆ ತನ್ನನ್ನೇ ಕಳೆದುಕೊಳ್ಳುತ್ತದೆ ಎಂಬುದು 1993ರ 'ವೆರಿತಾತಿಸ್ ಸ್ಪ್ಲೆಂದೋರ್' ವಿಶ್ವಪತ್ರದ ತಿರುಳು.

ಸಂಸ್ಕೃತಿಯಲ್ಲಿ ಕಂಡ ಫಲ

ಪಾಶ್ಚಾತ್ಯ ಸಮಾಜ ಬದಲಾದದ್ದಕ್ಕೆ ತತ್ವಜ್ಞಾನಿಗಳಷ್ಟೇ ಕಾರಣರಲ್ಲ. ಕೈಗಾರಿಕೆ, ನಗರಗಳ ಬೆಳವಣಿಗೆ, ಎರಡು ಮಹಾಯುದ್ಧಗಳು ಎಲ್ಲವೂ ಸೇರಿವೆ. ಆದರೂ ವಿಚಾರಗಳ ಗುರುತು ಸ್ಪಷ್ಟವಾಗಿ ಕಾಣುತ್ತದೆ. 2004ರಲ್ಲಿ ರೋಮಿನಲ್ಲಿ ಸಹಿಯಾದ ಯುರೋಪಿನ ಸಂವಿಧಾನ ಒಪ್ಪಂದದ ಪೀಠಿಕೆಯಲ್ಲಿ, ದ್ವಿತೀಯ ಜಾನ್ ಪಾವ್ಲರು ಎಷ್ಟೋ ಸಲ ವಿನಂತಿಸಿದರೂ, ಕ್ರೈಸ್ತಧರ್ಮದ ಹೆಸರು ಸೇರಲಿಲ್ಲ. ಧರ್ಮ ಖಾಸಗಿ ಎಂಬ ವಿಚಾರದ ಫಲವಿದು. 2002ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ ದಯಾಮರಣದ ಕಾನೂನು ಜಾರಿಗೆ ಬಂತು. ನನ್ನ ಜೀವಕ್ಕೆ ನಾನೇ ಒಡೆಯ ಎಂಬ ವಿಚಾರದ ಫಲವಿದು. 2005ರ ಏಪ್ರಿಲ್ 18ರಂದು, ಪೋಪ್ ಆಗಿ ಆಯ್ಕೆಯಾಗುವ ಮುನ್ನಾದಿನ, ಕಾರ್ಡಿನಲ್ ರಾಟ್ಸಿಂಗರ್ ಇದನ್ನೇ ಸಾಪೇಕ್ಷತಾವಾದದ ಸರ್ವಾಧಿಕಾರ ಎಂದು ಕರೆದರು. ಯಾವುದೂ ಖಚಿತವಲ್ಲ ಎನ್ನುವ ಧೋರಣೆ ಕೊನೆಗೆ 'ನಾನು' ಮತ್ತು 'ನನ್ನ ಆಸೆ'ಯನ್ನೇ ಅಳತೆಗೋಲಾಗಿ ಮಾಡುತ್ತದೆ ಎಂಬುದು ಅವರ ಆತಂಕ.

ನಮ್ಮ ಪಾಲಿನ ತಪ್ಪು

ಇಲ್ಲಿಗೆ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ತನ್ನ 'ಗಾವ್ದಿಯುಮ್ ಎತ್ ಸ್ಪೆಸ್' ದಸ್ತಾವೇಜಿನಲ್ಲಿ, ನಾಸ್ತಿಕತೆಯ ಹುಟ್ಟಿಗೆ ವಿಶ್ವಾಸಿಗಳೂ ಕಾರಣರಾಗಿರಬಹುದು ಎಂದು ಒಪ್ಪಿಕೊಂಡಿದೆ. ತಪ್ಪು ಬೋಧನೆಯಿಂದ, ವಿಶ್ವಾಸಕ್ಕೆ ಒಪ್ಪದ ನಡತೆಯಿಂದ ನಾವು ದೇವರ ಮುಖವನ್ನು ತೋರಿಸುವ ಬದಲು ಮರೆಮಾಡುತ್ತೇವೆ. ಕಾರ್ಮಿಕರ ಕೂಗು ಕ್ರೈಸ್ತರೆಲ್ಲರಿಗೆ ಬೇಗ ಕೇಳಿಸಿದ್ದರೆ ಮಾರ್ಕ್ಸರ ಮಾತಿಗೆ ಅಷ್ಟು ಕಿವಿಗಳು ಸಿಗುತ್ತಿದ್ದವೇ?

ಡೆಕಾರ್ಟರ ಗ್ರಂಥಗಳನ್ನು 1663ರಲ್ಲಿ, ಸಾರ್ತ್ರರ ಗ್ರಂಥಗಳನ್ನು 1948ರಲ್ಲಿ ನಿಷಿದ್ಧ ಪುಸ್ತಕಗಳ ಪಟ್ಟಿಗೆ ಸೇರಿಸಲಾಯಿತು. 1966ರಲ್ಲಿ ಆ ಪಟ್ಟಿಯ ಕಾನೂನುಬಲವೇ ಕೊನೆಗೊಂಡಿತು. ಪುಸ್ತಕ ಮುಚ್ಚಿಡುವುದರಿಂದ ಪ್ರಶ್ನೆ ಸಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತತ್ವಶಾಸ್ತ್ರದಿಂದ ಶಿಲುಬೆಗೆ

ಆಧುನಿಕ ಚಿಂತನೆಯ ದಾರಿಯೆಲ್ಲ ದೇವರಿಂದ ದೂರ ಹೋಗುತ್ತದೆ ಎಂದೂ ತಿಳಿಯಬಾರದು. ಎಡಿತ್ ಸ್ಟೈನ್ ಯಹೂದಿ ಮನೆತನದ ಹೆಣ್ಣುಮಗಳು. ಹದಿಹರೆಯದಲ್ಲೇ ಪ್ರಾರ್ಥನೆ ಬಿಟ್ಟವರು. ಆ ಕಾಲದ ಪ್ರಸಿದ್ಧ ತತ್ವಜ್ಞಾನಿ ಎಡ್ಮಂಡ್ ಹುಸ್ಸರ್ಲರ ಶಿಷ್ಯೆಯಾಗಿ, ಸಹಾಯಕಿಯಾಗಿ ದುಡಿದರು. ಪೂರ್ವಾಗ್ರಹವಿಲ್ಲದೆ ಇದ್ದದ್ದನ್ನು ಇದ್ದಂತೆ ನೋಡಬೇಕೆಂಬ ಅಲ್ಲಿಯ ಶಿಸ್ತೇ ಅವರನ್ನು ವಿಶ್ವಾಸದ ಹೊಸ್ತಿಲಿಗೆ ತಂದಿತು. 1921ರಲ್ಲಿ ಆವಿಲಾದ ಸಂತ ತೆರೇಸಾರ ಆತ್ಮಕಥೆ ಓದಿದರು, 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು. ಸತ್ಯದ ಕುರಿತಾದ ಅಕ್ವಿನಾಸರ ಗ್ರಂಥವನ್ನು ಜರ್ಮನ್ ಭಾಷೆಗೆ ಅನುವಾದಿಸಿದರು. 1933ರಲ್ಲಿ ಕಾರ್ಮೆಲ್ ಮಠ ಸೇರಿದರು. ಮಂಗಳೂರಿನಲ್ಲಿ 1870ರಿಂದ ಇರುವುದು ಇದೇ ಕಾರ್ಮೆಲ್ ಸಭೆಯ ಮಠ. 1942ರ ಜುಲೈಯಲ್ಲಿ ಡಚ್ ಬಿಷಪರು ಯಹೂದಿಗಳ ಗಡೀಪಾರನ್ನು ದೇವಾಲಯಗಳಲ್ಲಿ ಖಂಡಿಸಿದಾಗ, ನಾಜಿಗಳು ಸೇಡಿನಿಂದ ಯಹೂದಿ ಮೂಲದ ಕಥೋಲಿಕರನ್ನು ಬಂಧಿಸಿದರು. ಆಗಸ್ಟ್ 9ರಂದು ಔಶ್ವಿಟ್ಜ್‌ನಲ್ಲಿ ಅವರು ಪ್ರಾಣ ಕೊಟ್ಟರು. 1998ರ ಸೆಪ್ಟೆಂಬರ್ 14ರ 'ಫೀದೆಸ್ ಎತ್ ರಾಸಿಯೊ' ವಿಶ್ವಪತ್ರದಲ್ಲಿ ವಿಶ್ವಾಸ ಮತ್ತು ಬುದ್ಧಿಯನ್ನು ಜೋಡಿಸಿದ ಚಿಂತಕರ ಸಾಲಿನಲ್ಲಿ ದ್ವಿತೀಯ ಜಾನ್ ಪಾವ್ಲರು ಅವರ ಹೆಸರನ್ನು ಬರೆದರು, ಒಂದು ತಿಂಗಳೊಳಗೆ ಸಂತರೆಂದು ಘೋಷಿಸಿದರು.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಪ್ರಶ್ನೆ ಕೇಳುವ ಮಕ್ಕಳನ್ನು ಗದರಿಸಿ ಸುಮ್ಮನಾಗಿಸಬಾರದು. ಧರ್ಮೋಪದೇಶದ ತರಗತಿಯಲ್ಲಿ ಉತ್ತರ ಸಿಗದ ಪ್ರಶ್ನೆ ಬೇರೆಲ್ಲಾದರೂ ಉತ್ತರ ಹುಡುಕಿಕೊಳ್ಳುತ್ತದೆ. ಎರಡನೆಯದಾಗಿ, ಉತ್ತರದಲ್ಲಿ ತರ್ಕವಿರಲಿ. ಸತ್ಯವೆಂಬುದು ಅವರವರ ಅಭಿಪ್ರಾಯ ಮಾತ್ರ ಎನ್ನುವವರನ್ನು, ಆ ಮಾತೂ ನಿಮ್ಮ ಅಭಿಪ್ರಾಯ ಮಾತ್ರವೇ ಎಂದು ಮೆಲ್ಲನೆ ಕೇಳಬಹುದು. ಒಬ್ಬ ಬಡವನನ್ನು ವಂಚಿಸುವುದು ಕೆಲವರಿಗಷ್ಟೇ ತಪ್ಪೇ, ಎಲ್ಲರಿಗೂ ತಪ್ಪೇ ಎಂದು ಕೇಳಬಹುದು. ಎಲ್ಲರಿಗೂ ತಪ್ಪು ಎಂದು ಅವರ ಮನಸ್ಸಾಕ್ಷಿಯೇ ಹೇಳುತ್ತದೆ. ಅಲ್ಲಿಂದ ಮಾತು ಮುಂದುವರಿಸಬಹುದು.

ಮೂರನೆಯದಾಗಿ, ಉದ್ಯೋಗ ಅಥವಾ ಓದಿಗಾಗಿ ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೊರಡುವ ನಮ್ಮ ಯುವಜನರಿಗೆ ಜಪಸರದ ಜೊತೆಗೆ ಈ ತಿಳಿವಳಿಕೆಯನ್ನೂ ಕೊಟ್ಟು ಕಳುಹಿಸೋಣ. ತಾನು ನಂಬಿದ್ದಕ್ಕೆ ಕಾರಣ ಹೇಳಬಲ್ಲವನು ಪರಊರಿನಲ್ಲಿ ತನ್ನ ವಿಶ್ವಾಸದ ಬಗ್ಗೆ ನಾಚಿಕೊಳ್ಳುವುದಿಲ್ಲ.

ಕೊನೆಯದಾಗಿ, ವಾದದಲ್ಲಿ ಗೆದ್ದ ಮಾತ್ರಕ್ಕೆ ಯಾರೂ ದೇವಾಲಯಕ್ಕೆ ಮರಳಿ ಬಂದದ್ದು ವಿರಳ. ಎಡಿತ್ ಸ್ಟೈನ್ ವಿಶ್ವಾಸದ ಹತ್ತಿರ ಬಂದದ್ದರಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಕ್ರೈಸ್ತ ಗೆಳತಿಯ ಸಮಾಧಾನಕ್ಕೂ ದೊಡ್ಡ ಪಾಲಿತ್ತು. ಆ ವಿಧವೆಯ ಮುಖದಲ್ಲಿ ಕಂಡದ್ದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ನಮ್ಮ ವಾಳೆಗಳಲ್ಲಿ, ನಮ್ಮ ಮನೆಗಳಲ್ಲಿ ಪ್ರಶ್ನೆಯೊಂದಿಗೆ ಒದ್ದಾಡುತ್ತಿರುವ ಒಬ್ಬರಿಗಾದರೂ ಅಂಥ ಮುಖ ಕಾಣಿಸಲಿ ಎಂಬುದೇ ನಮ್ಮ ಪ್ರಾರ್ಥನೆ.