ಚುಂಚನಕಟ್ಟೆ ಜಾತ್ರೆ: ಕೊಳ್ಳದಿದ್ದರೂ ನೋಡಿ ಹೋಗಿ

ಸಂಕ್ರಾಂತಿಗೆ ಇನ್ನೂ ವಾರ, ಹತ್ತು ದಿನ ಇರುವಾಗಲೇ ಸಾಲಿಗ್ರಾಮ ಸೀಮೆಯ ರಸ್ತೆಗಳಲ್ಲಿ ಎತ್ತಿನ ಗೆಜ್ಜೆಯ ಸದ್ದು ಕೇಳತೊಡಗುತ್ತದೆ. ಕೊಯ್ಲು ಮುಗಿದಿರುತ್ತದೆ, ರಾಗಿ ಮೆದೆ ಏರಿರುತ್ತದೆ. ಕಾವೇರಿ ದಂಡೆಯ ಚುಂಚನಕಟ್ಟೆಯಲ್ಲಿ ಜಾನುವಾರು ಜಾತ್ರೆ ಕಟ್ಟುವ ಕಾಲ ಅದು. ಮೈಸೂರು ಸೀಮೆಯ ರಾಸುಗಳ ಜಾತ್ರೆಗಳಲ್ಲಿ ವರ್ಷದ ಆರಂಭಕ್ಕೇ ಕೂಡುವ ದೊಡ್ಡ ಜಾತ್ರೆ ಇದು.

ಜಾತ್ರೆಗೆ ಬರುವವರನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಕೋದಂಡರಾಮನಿಗೆ ಕೈಮುಗಿದು, ಕಡಲೆಪುರಿ ಕೊಂಡು, ಸಂಜೆಗೆ ಬಸ್ಸು ಹತ್ತುವವರದು ಒಂದು ಬಗೆ. ಅಲ್ಲಿಯೇ ಬೀಡುಬಿಡುವವರದು ಇನ್ನೊಂದು. ಈ ಎರಡನೆಯವರೇ ಜಾತ್ರೆಯ ನಿಜವಾದ ಪ್ರಜೆಗಳು. ಅವರ ನಡುವೆ ಬರಹದಲ್ಲಿಲ್ಲದ, ಆದರೆ ಎಲ್ಲರೂ ಪಾಲಿಸುವ ಒಂದು ರೂಢಿ ಇದೆ. ಎತ್ತು ಕಟ್ಟಿ, ನೀರು ಕುಡಿಸಿ, ಹುಲ್ಲು ಹಾಕಿ ಆದ ಮೇಲೆ ಹೆಗಲಿಗೆ ಟವಲು ಹಾಕಿಕೊಂಡು ಅಕ್ಕಪಕ್ಕದವರ ಬೀಡುಗಳನ್ನು ನೋಡಿ ಬರಲು ಹೊರಡುವುದು. ಕೊಳ್ಳುವ ಉದ್ದೇಶ ಇರಲೇಬೇಕೆಂದಿಲ್ಲ. ಜೇಬಿನಲ್ಲಿ ಕಾಸಿಲ್ಲದವನೂ ಲಕ್ಷಗಟ್ಟಲೆ ಬೆಲೆಯ ಜೋಡಿಯ ಮುಂದೆ ನಿಂತು ಅದರ ಕೊಂಬು, ಕಾಲು, ಗೊರಸುಗಳನ್ನು ನೋಡಿ ಅಭಿಪ್ರಾಯ ಹೇಳಬಹುದು. ಅದನ್ನು ಯಾರೂ ಅಧಿಕಪ್ರಸಂಗ ಎಂದು ಭಾವಿಸುವುದಿಲ್ಲ. ನೋಡಲು ಯಾರೂ ಬಾರದಿದ್ದರೇ ಮಾಲೀಕನಿಗೆ ಬೇಸರ.

ಹಿಂದೆ ಬೀಡು ಎಂದರೆ ಗಾಡಿಯೇ. ನೊಗ ಬಿಚ್ಚಿ, ಮೂಕಿಗೆ ಊರೆ ಕೊಟ್ಟು ನಿಲ್ಲಿಸಿದರೆ ಮನೆಯ ಅರ್ಧ ಕೆಲಸ ಮುಗಿಯಿತು. ಗಾಡಿಯ ಮೇಲೆ ಹೊದಿಕೆ, ಪಾತ್ರೆ, ರಾಗಿಹಿಟ್ಟಿನ ಚೀಲ. ಕೆಳಗೆ ಹುಲ್ಲು ಹಾಸಿದರೆ ಮಲಗುವ ಮನೆ. ಪಕ್ಕದಲ್ಲಿ ಮೂರು ಕಲ್ಲು ಹೂಡಿದರೆ ಅಡಿಗೆಮನೆ. ಕಮಾನು ಗಾಡಿಯಾದರೆ ಇಬ್ಬನಿಯ ಚಿಂತೆಯಿಲ್ಲ. ಜನವರಿಯ ಹೊಳೆದಂಡೆಯ ಚಳಿಯಲ್ಲಿ ಇದು ಸಣ್ಣ ಸವಲತ್ತಲ್ಲ. ಈಗ ಅದೇ ಜಾಗದಲ್ಲಿ ಟ್ರ್ಯಾಕ್ಟರಿನ ಟ್ರೇಲರು ನಿಂತಿರುತ್ತದೆ. ಅದಕ್ಕೆ ಟಾರ್ಪಾಲು ಕಟ್ಟಿ, ಒಂದು ಬಲ್ಬು ತೂಗುಹಾಕಿದರೆ ಆಯಿತು. ಎತ್ತುಗಳೇ ಲಾರಿ, ಟೆಂಪೊ ಏರಿ ಬರುತ್ತವೆ. ಎತ್ತಿನ ಜಾತ್ರೆಗೆ ಎತ್ತು ನಡೆದು ಬಾರದಿರುವುದು ಈ ಕಾಲದ ವಿಚಿತ್ರ. ಅನುಕೂಲಸ್ಥರು ಶಾಮಿಯಾನ ಹಾಕಿಸಿ, ನೆಲಕ್ಕೆ ಹಾಸು ಹಾಕಿ, ಜೋಡಿಯನ್ನು ಮದುವಣಿಗರಂತೆ ನಿಲ್ಲಿಸುತ್ತಾರೆ. ಹಣೆಪಟ್ಟಿ, ಗೆಜ್ಜೆ, ಕೊಂಬಿನ ಕಳಸ, ದೃಷ್ಟಿಗೆ ಕರಿದಾರ, ಎಲ್ಲವೂ ಇರುತ್ತವೆ.

ನೋಡಲು ಬಂದವನ ಮೊದಲ ಪ್ರಶ್ನೆ ಬೆಲೆಯ ಬಗೆಗಲ್ಲ, 'ಯಾವೂರಾಯ್ತಣ್ಣ?' ಎಂಬುದು. ಊರು ಗೊತ್ತಾದರೆ ನೆಂಟರು ಗೊತ್ತಾಗುತ್ತಾರೆ, ನೆಂಟರು ಗೊತ್ತಾದರೆ ಮಾತು ಬೆಳೆಯುತ್ತದೆ. ಎಲೆ ಅಡಿಕೆ ಕೈ ಬದಲಾಗುತ್ತದೆ. ಹೀಗೆ ಎತ್ತು ನೋಡಲು ಬಂದು ಹೆಣ್ಣು ಗಂಡಿನ ಸಂಬಂಧ ಕುದುರಿಸಿ ಹೋದವರೂ ಉಂಟು.

ಅನಂತರ ನಿಜವಾದ ಪರೀಕ್ಷೆ. ಎತ್ತಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕೆಳದವಡೆಯ ಮುಂಭಾಗದ ಎಂಟು ಹಲ್ಲುಗಳೇ ಅದರ ಜಾತಕ. ಕರುವಿಗೆ ಇರುವುದು ಹಾಲುಹಲ್ಲು. ಎರಡೂವರೆ ವರ್ಷದ ಆಸುಪಾಸಿನಲ್ಲಿ ನಡುವಿನ ಎರಡು ಬಿದ್ದು ದೊಡ್ಡ ಹಲ್ಲು ಬರುತ್ತವೆ. ಆಗ ಅದು 'ಎರಡಲ್ಲು'. ಆಮೇಲೆ ನಾಲ್ಕಲ್ಲು, ಆರಲ್ಲು. ಐದು ವರ್ಷದ ಹೊತ್ತಿಗೆ ಎಂಟೂ ಬಂದರೆ 'ಬಾಯ್ಗೂಡಿತು' ಎನ್ನುತ್ತಾರೆ. ಅಲ್ಲಿಂದಾಚೆಗೆ ಹಲ್ಲಿನ ಸವೆತ ನೋಡಿ ವಯಸ್ಸು ಅಂದಾಜು ಮಾಡಬೇಕು. ಮಾಲೀಕ ಸುಳ್ಳು ಹೇಳಬಹುದು, ಹಲ್ಲು ಹೇಳಲಾರದು. ಆಮೇಲೆ ಮೈಮೇಲಿನ ಸುಳಿಗಳ ಸರದಿ. ಯಾವ ಸುಳಿ ಎಲ್ಲಿದ್ದರೆ ಮನೆಗೆ ಆಗಿಬರುತ್ತದೆ, ಎಲ್ಲಿದ್ದರೆ ಆಗದು ಎಂಬ ಶಾಸ್ತ್ರದಲ್ಲಿ ವಿಜ್ಞಾನ ಹುಡುಕಿದರೆ ಸಿಗದು. ಆದರೆ ಒಳ್ಳೆಯ ಮೈಕಟ್ಟಿನ ಎತ್ತೊಂದರ ಬೆಲೆ ಒಂದು ಸುಳಿಯಿಂದಾಗಿ ಇಳಿದುಬಿಡುವುದಂತೂ ನಿಜ.

ಜೋಡಿಯ ಲೆಕ್ಕಾಚಾರ ಇನ್ನೂ ಸೂಕ್ಷ್ಮ. ಎಡಗೋಲಿಗೆ ಒಗ್ಗಿದ ಎತ್ತು ಬಲಗೋಲಿಗೆ ಸುಲಭವಾಗಿ ಹೊಂದುವುದಿಲ್ಲ. ಎತ್ತರ, ಬಣ್ಣ, ಕೊಂಬಿನ ಬಾಗು, ಹೆಜ್ಜೆಯ ಬಿರುಸು ಇವೆಲ್ಲ ಸರಿದೂಗಬೇಕು. ಒಂಟಿ ಹೋರಿ ಇಟ್ಟುಕೊಂಡವನಿಗೆ ಜಾತ್ರೆಯ ಸುತ್ತು ಬಹಳ ಮುಖ್ಯ. ತನ್ನದಕ್ಕೆ ಒಪ್ಪುವ ಜೊತೆ ಯಾವ ಬೀಡಿನಲ್ಲಿದೆಯೋ ಯಾರು ಬಲ್ಲರು? ಎಡಬಲದ ವಿಷಯಕ್ಕೆ ಬಂದರೆ, ಚುಂಚನಕಟ್ಟೆಯ ಗುಡಿಯಲ್ಲಿ ಸೀತೆ ನಿಂತಿರುವುದು ರಾಮನ ಬಲಕ್ಕೆ. ಅಪರೂಪದ ಈ ಕ್ರಮಕ್ಕೆ ಸ್ಥಳಪುರಾಣ ತನ್ನದೇ ಕಾರಣ ಕೊಡುತ್ತದೆ. ಚುಂಚ, ಚುಂಚಿ ಎಂಬ ಬೇಡ ದಂಪತಿ ವನವಾಸದ ರಾಮನಿಗೆ ಆತಿಥ್ಯ ನೀಡಿದ್ದರಿಂದ ಊರಿಗೆ ಈ ಹೆಸರು ಬಂತಂತೆ. ಬೀಡುಬಿಟ್ಟವರನ್ನು ಕಂಡು ವಿಚಾರಿಸುವ ರೂಢಿಗೆ ಇಲ್ಲಿ ಪುರಾಣದ ಬೆಂಬಲವೂ ಇದೆ ಎಂದಾಯಿತು!

ವ್ಯಾಪಾರ ಮಾತ್ರ ನೋಟದಷ್ಟು ಬಹಿರಂಗವಲ್ಲ. ದಲ್ಲಾಳಿ ಮತ್ತು ರೈತ ಕೈಕೈ ಹಿಡಿದು, ಮೇಲೆ ಟವಲು ಮುಚ್ಚಿ, ಬೆರಳು ಅದುಮಿ ಬೆಲೆ ತಿಳಿಸುತ್ತಾರೆ. ಸುತ್ತ ಹತ್ತು ಜನ ನಿಂತಿದ್ದರೂ ಅಂಕಿ ಯಾರಿಗೂ ತಿಳಿಯದು. ನೋಟ ಎಲ್ಲರಿಗೂ ಸೇರಿದ್ದು, ಬೆಲೆ ಇಬ್ಬರಿಗೆ ಮಾತ್ರ. ಮೊಬೈಲ್ ಫೋನಿನಲ್ಲಿ ಅಂಕಿ ಒತ್ತಿ ತೋರಿಸುವುದು ಈಚಿನ ಬದಲಾವಣೆ.

ಇದೇ ಬಗೆಯ ರೂಢಿ ದೂರದ ಅಮೆರಿಕದಲ್ಲೂ ಇದೆ ಎಂದರೆ ಆಶ್ಚರ್ಯವಾಗಬಹುದು. ಅಲ್ಲಿ ಕಾರಿನ ಹಿಂದೆ ಗಾಲಿಯ ಮನೆ ಕಟ್ಟಿಕೊಂಡು ಪ್ರವಾಸ ಹೋಗುವವರು ಬಹಳ. ಇಂಥ ಮನೆಗಳನ್ನು ತಯಾರಿಸುವ ಏರ್‌ಸ್ಟ್ರೀಮ್ ಕಂಪನಿಯ ಸ್ಥಾಪಕ ವಾಲಿ ಬೈಯಮ್ 1951ರಲ್ಲಿ ಒಂದು ತಂಡ ಕಟ್ಟಿಕೊಂಡು ಮೆಕ್ಸಿಕೊ, ಮಧ್ಯ ಅಮೆರಿಕದತ್ತ ಹೊರಟ. 1955ರಲ್ಲಿ ಅವನ ಹೆಸರಿನ ಸಂಘವೇ ಹುಟ್ಟಿತು. ಬೀಡುಬಿಟ್ಟ ಕಡೆ ಒಬ್ಬರ ಟ್ರೇಲರನ್ನು ಇನ್ನೊಬ್ಬರು ಒಳಹೊಕ್ಕು ನೋಡುವುದು, ಒಲೆ ಎಲ್ಲಿಟ್ಟಿರಿ, ಹಾಸಿಗೆ ಹೇಗೆ ಮಡಚಿದಿರಿ ಎಂದು ಕೇಳುವುದು ಅಲ್ಲಿಯ ಸಲಿಗೆ. ಹಾಗೆ ನೋಡಿ ಕಲಿತದ್ದನ್ನು ತಮ್ಮ ಮನೆಗೆ ಅಳವಡಿಸಿಕೊಳ್ಳುವವರೂ ಇದ್ದಾರೆ. ಚುಂಚನಕಟ್ಟೆಯಲ್ಲೂ ನಡೆಯುವುದು ಅದೇ. ಆದರೆ ಇಲ್ಲಿ ಕಲಿಯುವ ವಿಷಯಕ್ಕೆ ಜೀವವಿದೆ.

ಹಳೆಯ ಮೈಸೂರು ರಾಜ್ಯದ ಹೆಮ್ಮೆಯ ತಳಿ ಹಳ್ಳಿಕಾರ್. ಬೂದು ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು ಇದರ ಗುರುತು. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ದೇಸಿ ತಳಿಗಳ ಅಂಚೆಚೀಟಿಗಳನ್ನು ತಂದಾಗ ಹಳ್ಳಿಕಾರಿಗೂ ಸ್ಥಾನ ಸಿಕ್ಕಿತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ', ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎಂದು ಹೆಸರು ಬದಲಿಸಿಕೊಂಡ ಅರಮನೆಯ ದನಗಳ ಇಲಾಖೆಯ ಮೂಲದಲ್ಲೂ ಹಳ್ಳಿಕಾರ್ ರಕ್ತವಿದೆ. ಫಿರಂಗಿ ಎಳೆದ ಆ ಎತ್ತುಗಳಿಗೆ ಸರ್ಕಾರದ ಆಶ್ರಯವಿತ್ತು. ಹಳ್ಳಿಕಾರನ್ನು ಉಳಿಸಿದ್ದು ಬಹುಮಟ್ಟಿಗೆ ರೈತನ ಕಣ್ಣು. ಯಾವ ಬೀಜದ ಹೋರಿಯ ಕರುಗಳು ಹೇಗೆ ಬೆಳೆದಿವೆ ಎಂದು ತಿಳಿಯಲು ಅವನಿಗೆ ಪುಸ್ತಕವಿರಲಿಲ್ಲ. ಬೀಡಿನಿಂದ ಬೀಡಿಗೆ ಸುತ್ತಿ, 'ಇದು ಯಾವ ಹೋರಿಯ ಕರು?' ಎಂದು ಕೇಳಿ, ಮೂರು ನಾಲ್ಕು ಕಡೆ ಒಂದೇ ಉತ್ತರ ಸಿಕ್ಕಿದರೆ ಮುಂದಿನ ವರ್ಷ ತನ್ನ ಹಸುವನ್ನು ಆ ಊರಿಗೇ ಹೊಡೆದುಕೊಂಡು ಹೋಗುತ್ತಿದ್ದ. ಜಾತ್ರೆ ಮುಗಿಯುವುದರೊಳಗೆ ಸೀಮೆಯ ಹೋರಿಗಳ ಯೋಗ್ಯತೆ ಬಾಯಿಂದ ಬಾಯಿಗೆ ಹರಡಿರುತ್ತಿತ್ತು.

ಆ ಕಣ್ಣಿಗೇ ಈಗ ಕೆಲಸ ಕಡಿಮೆಯಾಗಿದೆ. ಉಳುಮೆಗೆ ಟ್ರ್ಯಾಕ್ಟರ್, ಟಿಲ್ಲರ್; ಹಾಲಿಗೆ ಜರ್ಸಿ ಮತ್ತು ಎಚ್ಚೆಫ್. ಎತ್ತು ಸಾಕುವುದು ಹಲವು ಊರುಗಳಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಪ್ರತಿಷ್ಠೆಯ ವಿಷಯವಾಗಿದೆ. ಶಾಮಿಯಾನದ ಜೋಡಿಗಳ ಮುಂದೆ ಫೋಟೊ ತೆಗೆಸಿಕೊಳ್ಳುವ ಹುಡುಗರ ಗುಂಪು ದೊಡ್ಡದು. ಹಲ್ಲು ಎಣಿಸಬಲ್ಲವರು ಆ ಗುಂಪಿನಲ್ಲಿ ಕಡಿಮೆ. ಆದರೂ ದೊಡ್ಡ ಟ್ರ್ಯಾಕ್ಟರು ತಿರುಗಲಾಗದ ಸಣ್ಣ ತುಂಡು ಭೂಮಿಯವನು ಇಂದಿಗೂ ಎತ್ತು ಹುಡುಕಿಕೊಂಡು ಬರುತ್ತಾನೆ. ಅವನಿಗೆ ಬೇಕಾದದ್ದು ಶಾಮಿಯಾನದ ಜೋಡಿಯಲ್ಲ, ಹೊಳೆಯ ಕಡೆ ಮರದಡಿ ಕಟ್ಟಿದ, ನೊಗದ ಗಂಟು ಬಿದ್ದ ಹೆಗಲಿನ ಸಾಧಾರಣ ಎತ್ತು. ಅವನ ಪಾಲಿಗೆ ನೋಡುವ ಸುತ್ತು ಮನರಂಜನೆಯಲ್ಲ. ತಪ್ಪು ಆಯ್ಕೆ ಮಾಡಿದರೆ ಒಂದು ವರ್ಷದ ಬೇಸಾಯವೇ ಕೆಡುತ್ತದೆ.

ಈ ರೂಢಿಗೆ ಇನ್ನೊಂದು ಮುಖವೂ ಇದೆ. ಕಾಲುಬಾಯಿ ಜ್ವರದ ವೈರಸ್ ರೋಗ ತಗುಲಿದ ರಾಸಿನ ಜೊಲ್ಲಿನಲ್ಲಿರುತ್ತದೆ. ಬಾಯಲ್ಲಿ ಹುಣ್ಣು ಕಾಣಿಸುವ ಮೊದಲೇ ಅದು ಹೊರಬೀಳಲು ಆರಂಭಿಸಿರಬಹುದು. ಒಂದು ಎತ್ತಿನ ತುಟಿ ಅಗಲಿಸಿ ಹಲ್ಲು ನೋಡಿ, ಅದೇ ಕೈಯಲ್ಲಿ ಮುಂದಿನ ಬೀಡಿನ ಎತ್ತಿನ ಬಾಯಿ ಬಿಡಿಸಿದರೆ ರೋಗಕ್ಕೆ ಬೇರೆ ವಾಹನ ಬೇಕಿಲ್ಲ. ಕೈ, ಬಟ್ಟೆ, ಚಪ್ಪಲಿ, ಹಗ್ಗ, ನೀರಿನ ಬಕೆಟ್ಟು ಎಲ್ಲವೂ ಅದನ್ನು ಸಾಗಿಸುತ್ತವೆ. 2013ರಲ್ಲಿ ಈ ಜ್ವರ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡಿತು. 2020ರ ನಂತರ ಕೋವಿಡ್ ಮನುಷ್ಯರ ಗುಂಪನ್ನು ತಡೆಯಿತು. 2022ರಲ್ಲಿ ಹರಡಿದ ಚರ್ಮಗಂಟು ರೋಗ ರಾಸುಗಳ ಗುಂಪನ್ನು ತಡೆಯಿತು. ಚರ್ಮಗಂಟು ರೋಗವನ್ನು ಹೆಚ್ಚಾಗಿ ಹರಡುವುದು ನೊಣ, ಸೊಳ್ಳೆ, ಉಣ್ಣೆಗಳು. ಒತ್ತೊತ್ತಾಗಿ ಕಟ್ಟಿದ ರಾಸುಗಳ ನಡುವೆ ಅವಕ್ಕೆ ಹಬ್ಬ. ರಾಜ್ಯದ ಹಲವು ಕಡೆ ಆಗ ಜಾನುವಾರು ಜಾತ್ರೆಗಳನ್ನು ನಿಷೇಧಿಸಲಾಯಿತು.

ಜಾತ್ರೆ ನಿಂತರೆ ರೋಗ ನಿಲ್ಲಬಹುದು, ಆದರೆ ಮಾರಬೇಕಾದ ಹೋರಿ ಇನ್ನೊಂದು ವರ್ಷ ಗೊಂತಿನಲ್ಲೇ ಹುರುಳಿ ತಿನ್ನುತ್ತದೆ. ಸಾಲ ಮಾಡಿ ಸಾಕಿದವನಿಗೆ ಇದು ಸಣ್ಣ ಹೊಡೆತವಲ್ಲ. ಹಾಗೆಂದು ರೋಗದ ಕಾಲದಲ್ಲಿ ಜಾತ್ರೆ ಕೂಡಿಸಿ ಎನ್ನುವಂತೆಯೂ ಇಲ್ಲ. ಇರುವ ದಾರಿ ಲಸಿಕೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಉಚಿತವಾಗಿ ಲಸಿಕೆ ಹಾಕುತ್ತಾರೆ, ಹಾಕಿದ ರಾಸಿನ ಕಿವಿಗೆ ಸಂಖ್ಯೆಯಿರುವ ಓಲೆ ಬೀಳುತ್ತದೆ. ಹೊರಡುವ ಹಿಂದಿನ ದಿನ ಹಾಕಿಸಿದರೆ ಪ್ರಯೋಜನವಿಲ್ಲ. ಮೈಯಲ್ಲಿ ತಡೆಶಕ್ತಿ ಬೆಳೆಯಲು ವಾರಗಳೇ ಬೇಕು. ಜಾತ್ರೆಯಲ್ಲಿ ಹಲ್ಲು ನೋಡಿಸುವ ಮಾಲೀಕ ಬಕೆಟ್ಟಿನಲ್ಲಿ ನೀರು, ಸೋಪು ಇಟ್ಟು ಮೊದಲು ಕೈ ತೊಳೆಯಿರೆಂದರೆ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ.

ರಥೋತ್ಸವದ ಹೊತ್ತಿಗೆ ರಾಸುಗಳ ವ್ಯಾಪಾರ ಇಳಿಮುಖವಾಗುತ್ತದೆ. ಮಾರಿದವರು ಮೂಗುದಾರ, ಹಗ್ಗ ಹೊಸಬರ ಕೈಗೆ ಕೊಟ್ಟು, ಗೆಜ್ಜೆಯನ್ನು ಮಾತ್ರ ಬಿಚ್ಚಿಟ್ಟುಕೊಳ್ಳುತ್ತಾರೆ. ಮಾರದವರು ಮುಡುಕುತೊರೆಗೋ ಸುತ್ತೂರಿಗೋ ಹೊರಡುವ ಮಾತಾಡುತ್ತಾರೆ. ಟಾರ್ಪಾಲು ಬಿಚ್ಚುವಾಗ ಪಕ್ಕದ ಬೀಡಿನವರು ಬಂದು ಕೈಕೊಡುತ್ತಾರೆ. ಒಲೆಯ ಮೂರು ಕಲ್ಲುಗಳನ್ನು ಮರದ ಬುಡಕ್ಕೆ ಒತ್ತರಿಸಿಟ್ಟು ಟ್ರೇಲರು ಏರುತ್ತಾರೆ.