ಬ್ರೂವರಿಯೊಳಗೆ ರಾಗಿ ಹುಡುಕುತ್ತಾ

ಬೆಂಗಳೂರಿನ ಬ್ರೂಪಬ್‌ಗಳಿಗೆ ಹೆಚ್ಚಿನವರು ಹೋಗುವುದು ಕತ್ತಲಾದ ಮೇಲೆ. ಬಿಯರ್ ಹೇಗಾಗುತ್ತದೆಂದು ನೋಡಬೇಕಾದರೆ ಬೆಳಗಿನ ಹೊತ್ತೇ ಹೋಗಬೇಕು. ಆಗ ಕುರ್ಚಿಗಳಿನ್ನೂ ಮೇಜಿನ ಮೇಲೆ ಮಗುಚಿರುತ್ತವೆ. ಗಾಜಿನ ಗೋಡೆಯಾಚೆ ಗಂಬೂಟು ತೊಟ್ಟ ಬ್ರೂವರ್ ಮಾಲ್ಟ್ ಚೀಲ ಬಿಚ್ಚುತ್ತಿರುತ್ತಾರೆ. ಮೊದಲೇ ಫೋನ್ ಮಾಡಿ ಕೇಳಿಕೊಂಡರೆ ಕೆಲವು ಕಡೆ ಒಳಗೆ ಕರೆದು ತೋರಿಸುತ್ತಾರೆ. ತಮ್ಮ ಕೆಲಸದ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡುವವರು ಅಪರೂಪ.

ಚೀಲಗಳ ಮೇಲಿನ ಅಚ್ಚು ಓದುವುದರಿಂದಲೇ ಭೇಟಿ ಶುರುವಾಗಲಿ. ದೇಶಿ ಬಾರ್ಲಿ ಬೆಳೆಯುವುದು ರಾಜಸ್ಥಾನ, ಹರಿಯಾಣದ ಕಡೆ. ಬಣ್ಣಕ್ಕೂ ಘಮಕ್ಕೂ ಬಳಸುವ ವಿಶೇಷ ಮಾಲ್ಟ್‌ಗಳಲ್ಲಿ ಬಹಳಷ್ಟು ಜರ್ಮನಿ, ಬೆಲ್ಜಿಯಂನಿಂದ ಬಂದವು. ಕಹಿ ಕೊಡುವ ಹಾಪ್ಸ್ ತಂಪು ನಾಡಿನ ಬಳ್ಳಿಯ ಹೂವು. ಜರ್ಮನಿಯ ಹಾಲರ್‌ಟೌ, ಅಮೆರಿಕದ ಯಾಕಿಮಾ ಕಣಿವೆ ಅದರ ದೊಡ್ಡ ತವರುಗಳು. ಹೂವನ್ನು ಒಣಗಿಸಿ, ಪುಡಿ ಮಾಡಿ, ಒತ್ತಿ, ಹಸಿರು ಗುಳಿಗೆಯಾಗಿಸಿ ಕಳಿಸುತ್ತಾರೆ. ಒಂದನ್ನು ಬೆರಳ ನಡುವೆ ಉಜ್ಜಿ ಮೂಸಿ ನೋಡಿ, ಕಿತ್ತಳೆ ಸಿಪ್ಪೆಯ ವಾಸನೆ ಅರ್ಧ ಗಂಟೆ ಕೈ ಬಿಡುವುದಿಲ್ಲ. ನೀರು ಮಾತ್ರ ನಮ್ಮದು. ಅದೂ ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬಂದದ್ದು, ಇಲ್ಲವೇ ಕೊಳವೆಬಾವಿಯದು. ಊರಿನ ಬಿಯರ್ ಎಂದು ನಾವು ಹೆಮ್ಮೆಪಡುವ ಈ ಪಾನೀಯದಲ್ಲಿ ಈ ಊರಿನ ಹೊಲದ್ದು ಏನಿದೆ?

ಬಿಯರ್ ಇಲ್ಲಿಗೆ ಹೊಸತಲ್ಲ. 1915ರಲ್ಲಿ ಸ್ಕಾಟ್‌ಲೆಂಡಿನ ಥಾಮಸ್ ಲೀಷ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಕುಡಿಯುವ ಜಾಗದಲ್ಲೇ ಬಿಯರ್ ಮಾಡುವ ಪದ್ಧತಿ ಬೇರೂರಿದ್ದು ಮಾತ್ರ 2010–11ರ ಹೊತ್ತಿಗೆ, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್‌ನಂಥ ಜಾಗಗಳಿಂದ. ಆಮೇಲೆ ಆರ್ಬರ್, ವಿಂಡ್‌ಮಿಲ್ಸ್ ಬಂದವು. ಟಾಯ್ಟ್‌ನವರು ಬಾಸ್ಮತಿ ಅಕ್ಕಿ ಬೆರೆಸಿ ಬಿಯರ್ ಮಾಡಿದಾಗ ನಮ್ಮ ಧಾನ್ಯಗಳಿಗೂ ಇಲ್ಲಿ ಜಾಗವಿದೆ ಎಂದು ಅನೇಕರಿಗೆ ಅನ್ನಿಸಿತು.

ಇನ್ನು ಒಳಗಿನ ಕೆಲಸ. ಮಾಲ್ಟ್ ಎಂದರೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಸರಿಯಾದ ಗಳಿಗೆಯಲ್ಲಿ ಒಣಗಿಸಿದ್ದು. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬಲ್ಲವು. ತರಿತರಿಯಾಗಿ ಒಡೆದ ಮಾಲ್ಟನ್ನು ಸುಮಾರು 65–67 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇಡುತ್ತಾರೆ. ಶಾಖ ಸ್ವಲ್ಪ ಕಡಿಮೆಯಾದರೆ ಬಿಯರ್ ತೆಳುವಾಗಿ, ಸಿಹಿ ಉಳಿಯದ ರುಚಿ ಪಡೆಯುತ್ತದೆ, ಹೆಚ್ಚಾದರೆ ನಾಲಿಗೆಗೆ ದಪ್ಪ. ಎರಡು ಮೂರು ಡಿಗ್ರಿಯ ಈ ಅಂತರದಲ್ಲೇ ಬ್ರೂವರ್‌ನ ಕೈಗುಣವಿದೆ. ಆಮೇಲೆ ಸೋಸಿ ಬಂದ ಸಿಹಿ ರಸವೇ ವರ್ಟ್. ಒಂದು ಗುಟುಕು ಕೇಳಿ ಕುಡಿಯಿರಿ, ಬಾಯಿಗೆ ಬೆಲ್ಲ ಕದಡಿದ ಗಂಜಿಯಂತಿರುತ್ತದೆ. ಉಳಿದ ಚರಟ ದನದ ಮೇವಿಗೆ ಹೋಗುತ್ತದೆ.

ವರ್ಟನ್ನು ಸುಮಾರು ಒಂದು ಗಂಟೆ ಕುದಿಸಿ ಹಾಪ್ಸ್ ಹಾಕಿ, ಬೇಗ ತಣಿಸಿ, ಯೀಸ್ಟ್ ಸೇರಿಸಿ ಫರ್ಮೆಂಟರಿಗೆ ಬಿಡುತ್ತಾರೆ. ಏಲ್ ಬಗೆಯ ಬಿಯರ್ 20 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ವಾರದಲ್ಲಿ ಸಿದ್ಧ; ಲಾಗರ್ ಬಗೆಗೆ 10 ಡಿಗ್ರಿಯ ತಂಪು ಬೇಕು, ಮಾಗಲು ವಾರಗಳೇ ಹಿಡಿಯುತ್ತವೆ. ಪುಟ್ಟ ಬ್ರೂವರಿಯ ಟ್ಯಾಂಕೊಂದನ್ನು ಅಷ್ಟು ದಿನ ಲಾಗರ್ ಆಕ್ರಮಿಸಿದರೆ ಬೇರೆ ಬಿಯರಿಗೆ ಜಾಗವಿರುವುದಿಲ್ಲ. ಒಳ್ಳೆಯ ಲಾಗರ್ ಸಿಕ್ಕಿದ ಕಡೆ ಆ ತಾಳ್ಮೆಯನ್ನು ಮೆಚ್ಚಿ ಹೇಳಿಬನ್ನಿ.

ಈಗ ರಾಗಿಯ ಮಾತು. ನೆನೆಸುವುದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು, ನೆರಳಲ್ಲಿ ಒಣಗಿಸಿ ಹದವಾಗಿ ಹುರಿದು ಬೀಸುವುದು: ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಎಳೆಗೂಸಿನ ಸರಿಗೆಂದು ಇದನ್ನೇ ಮಾಡುತ್ತಾ ಬಂದಿದ್ದಾರೆ. ಜರ್ಮನಿಯ ಮಾಲ್ಟ್ ಮನೆಯವರು ಯಂತ್ರದಲ್ಲಿ ಮಾಡುವುದನ್ನು ನಮ್ಮ ಅಜ್ಜಿಯರು ತಟ್ಟೆ, ಬಟ್ಟೆಯಲ್ಲಿ ಮಾಡಿದರು. ರಾಗಿಯಿಂದ ಮದ್ಯ ಮಾಡುವುದೂ ಹೊಸ ಕಲ್ಪನೆಯಲ್ಲ. ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ತೊಂಗ್ಬಾ ಹುದುಗಿಸಿದ ರಾಗಿಯದೇ. ಬಿಸಿನೀರು ಹೊಯ್ದು ಬಿದಿರಿನ ಕೊಳವೆಯಲ್ಲಿ ಹೀರುತ್ತಾರೆ. ರಾಗಿಯ ಮೂಲ ನೆಲವಾದ ಪೂರ್ವ ಆಫ್ರಿಕಾದಲ್ಲಿ, ಉಗಾಂಡದ ಟೆಸೊ ಜನ ಒಂದೇ ಮಡಕೆಯ ಸುತ್ತ ಕೂತು ಉದ್ದ ಕೊಳವೆಗಳಲ್ಲಿ ರಾಗಿ ಬಿಯರ್ ಹೀರುತ್ತಾರೆ.

ಹಾಗಿದ್ದರೆ ಬೆಂಗಳೂರಿನಲ್ಲಿ ರಾಗಿ ಯಾಕೆ ಬಿಯರಿನ ಮುಖ್ಯ ಧಾನ್ಯವಾಗಿಲ್ಲ? ಕಾರಣಗಳು ತಾಂತ್ರಿಕ, ನಿಜವಾದವು. ಬಾರ್ಲಿಯ ಹೊಟ್ಟು ಪಾತ್ರೆಯ ತಳದಲ್ಲಿ ಜರಡಿಯಾಗಿ ಕೂತು ರಸವನ್ನು ತಿಳಿಯಾಗಿ ಹರಿಯಬಿಡುತ್ತದೆ. ರಾಗಿಗೆ ಆ ಹೊಟ್ಟಿಲ್ಲ, ಕಾಳೂ ಸಾಸಿವೆಯಷ್ಟು ಸಣ್ಣದು. ರಾಶಿ ಅಂಟಿಕೊಂಡು ರಸ ಇಳಿಯುವುದೇ ನಿಲ್ಲುತ್ತದೆ. ಜೊತೆಗೆ ರಾಗಿಯ ಪಿಷ್ಟ ಬಿಚ್ಚಿಕೊಳ್ಳಲು ಬಾರ್ಲಿಗಿಂತ ಹೆಚ್ಚು ಶಾಖ ಬೇಕು, ಆ ಶಾಖಕ್ಕೆ ಕಿಣ್ವಗಳು ಸಾಯುತ್ತವೆ. ಬೇರೆ ಪಾತ್ರೆಯಲ್ಲಿ ಮೊದಲು ಬೇಯಿಸಿ, ಆರಿಸಿ, ಆಮೇಲೆ ಬಾರ್ಲಿಯ ಜೊತೆ ಕೂಡಿಸಬೇಕು. ಸಮಯ, ಗ್ಯಾಸ್, ಕೂಲಿ ಎಲ್ಲವೂ ಹೆಚ್ಚು. ಹಾಗಾಗಿ ರಾಗಿ ಬಳಸುವವರೂ ಬಾರ್ಲಿಯ ಆಸರೆ ಬಿಡುವುದು ಕಷ್ಟ.

ಇಲ್ಲಿಗೇ ಕೈಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊಳೆತ ರಾಗಿಯಲ್ಲಿ ಪಿಷ್ಟ ಒಡೆಯುವ ಶಕ್ತಿ ಬೇರೆ ಸಿರಿಧಾನ್ಯಗಳಿಗಿಂತ ಚೆನ್ನಾಗಿದೆ. ಮಂಡ್ಯದಲ್ಲಿ ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಹೊಟ್ಟೆ ತುಂಬಲಿ, ಇಳುವರಿ ಏರಲಿ ಎಂದು. ಅದೇ ಶ್ರದ್ಧೆಯಲ್ಲಿ ಮಾಲ್ಟ್‌ಗೆ ಒಗ್ಗುವ ರಾಗಿಯನ್ನು ಆರಿಸುವ ಕೆಲಸಕ್ಕೆ ನಗರದ ಬ್ರೂವರ್‌ಗಳೂ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಒಂದೇ ಮೇಜಿಗೆ ಬರಬೇಕು. ಮಳೆ ನಂಬಿ ರಾಗಿ ಬಿತ್ತುವ ಕೋಲಾರ, ತುಮಕೂರು, ರಾಮನಗರದ ರೈತರಿಗೆ ಇನ್ನೊಂದು ಗಿರಾಕಿ ಸಿಕ್ಕಂತಾಗುತ್ತದೆ.

ರುಚಿ ನೋಡುವಾಗ ದೊಡ್ಡ ಮಗ್ ಬೇಡ, ಚಿಕ್ಕ ಗ್ಲಾಸುಗಳ ಸ್ಯಾಂಪ್ಲರ್ ಸಾಕು. ತಿಳಿ ಬಣ್ಣದ್ದು ಮೊದಲು, ಕಡುಗಪ್ಪಿನದು ಕೊನೆಗೆ. ಕುಡಿಯುವ ಮುನ್ನ ಮೂಸಿ. ಜರ್ಮನ್ ಬಗೆಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬಂದರೆ ಅವೆರಡನ್ನೂ ಹಾಕಿಲ್ಲ, ಅದು ಯೀಸ್ಟ್‌ನ ಕೆಲಸ. ಐಪಿಎ ಬಗೆಯ ಬಿಯರಿನ ಕಹಿ ಮೊದಲ ಗುಟುಕಿಗೆ ಒರಟೆನಿಸಿದರೆ ಕಾಂಗ್ರೆಸ್ ಕಡಲೆಬೀಜ ನಾಲ್ಕು ತಿಂದು ಮತ್ತೆ ನೋಡಿ. ಕಡುಗಪ್ಪಿನ ಸ್ಟೌಟ್ ತೀರಾ ತಣ್ಣಗಿದ್ದರೆ ಹತ್ತು ನಿಮಿಷ ಬಿಡಿ, ಹುರಿದ ಬಾರ್ಲಿಯ ಕಾಫಿ ಘಮ ಆಮೇಲೆ ಬಿಚ್ಚಿಕೊಳ್ಳುತ್ತದೆ. ಗಾಡಿ ಮಾತ್ರ ಮನೆಯಲ್ಲೇ ಇರಲಿ. ಇಂದಿರಾನಗರಕ್ಕೆ ಮೆಟ್ರೊ ಇದೆ.

ಹಲಗೆಯ ಮೇಲೆ ರಾಗಿ ಬಿಯರಿನ ಹೆಸರಿದ್ದರೆ ಅದನ್ನೇ ಮೊದಲು ಕೇಳಿ. ಧಾನ್ಯದಲ್ಲಿ ರಾಗಿಯ ಪಾಲೆಷ್ಟು, ಮೊಳೆಸಿದ್ದೋ ಹುರಿದದ್ದೋ, ಯಾವ ತಾಲ್ಲೂಕಿನದು ಎಂದು ಬ್ರೂವರನ್ನು ಕರೆದು ವಿಚಾರಿಸಿ. ಹೆಸರು ಇಲ್ಲದಿದ್ದರೆ ಯಾವಾಗ ಮಾಡುತ್ತೀರಿ ಎಂದು ಕೇಳಿ ಬನ್ನಿ. ಗಿರಾಕಿ ಮತ್ತೆ ಮತ್ತೆ ಕೇಳಿದ್ದನ್ನು ಟ್ಯಾಂಕಿಗೆ ಹಾಕುವ ಸ್ವಾತಂತ್ರ್ಯ ಈ ಪುಟ್ಟ ಬ್ರೂವರಿಗಳಿಗಿದೆ.