ಸಾರಥ್ಯವೂ ಒಂದು ಲೋಟ ನೀರೂ

ಚಿತ್ರಗಳನ್ನು ಬರೆದು, ಅವುಗಳಿಗೆ ಚಲನೆ ಕೊಟ್ಟು ತಯಾರಿಸುವ ಜಪಾನಿನ ಚಲಚ್ಚಿತ್ರಗಳಿಗೆ ‘ಅನಿಮೆ’ ಎಂದು ಹೆಸರು. ಇವು ಮಕ್ಕಳ ಆಟಿಕೆಗಳೆಂದು ಹಿರಿಯರು ನಗುವುದುಂಟು. ಆದರೆ ಮೋಟಾರು ಕಾರುಗಳ ಮೇಲೆ ಪ್ರೀತಿಯುಳ್ಳ ನಮ್ಮಂಥ ವಿದ್ಯಾರ್ಥಿಗಳಿಗೆ ಅವುಗಳಲ್ಲಿ ಒಂದು ಬಹು ಪ್ರಿಯವಾದುದು. ಅದೇ ‘ಇನಿಷಿಯಲ್ ಡಿ’. ಶುಯಿಚಿ ಶಿಗೆನೊ ಎಂಬ ಚಿತ್ರಕಾರರು 1995ರಿಂದ 2013ರವರೆಗೆ ವಾರಪತ್ರಿಕೆಯೊಂದರಲ್ಲಿ ಬರೆದ ಚಿತ್ರಕಥೆಯೇ ಇದರ ಮೂಲ. 1998ರಲ್ಲಿ ಇದು ಜಪಾನಿನ ಟಿ.ವಿ.ಯಲ್ಲಿ ಬರತೊಡಗಿತು.

ಕಥಾನಾಯಕನು ತಕುಮಿ ಎಂಬ ಹೈಸ್ಕೂಲು ಹುಡುಗ. ಅವನ ತಂದೆಗೆ ತೋಫುವಿನ ಅಂಗಡಿ. ತೋಫು ಎಂದರೆ ಸೋಯಾ ಕಾಳಿನ ಹಾಲನ್ನು ಒಡೆಸಿ ಮಾಡಿದ, ಪನೀರಿನಂಥ ಮೆತ್ತನೆಯ ಪದಾರ್ಥ. ಬೆಳಗಿನ ಜಾವ ಅದನ್ನು ಬೆಟ್ಟದ ಮೇಲಿನ ಹೋಟೆಲಿಗೆ ಮುಟ್ಟಿಸುವುದು ಮಗನ ಕೆಲಸ. ತಂದೆಯು ಕಾರಿನಲ್ಲಿ ಒಂದು ಲೋಟ ನೀರಿಟ್ಟು, ಅದು ಚೆಲ್ಲಬಾರದೆಂದು ತಾಕೀತು ಮಾಡುತ್ತಾನೆ. ಆ ಕಾರು 1983ರಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಕಂಪನಿಯ ಸ್ಪ್ರಿಂಟರ್ ಟ್ರುಯೆನೊ. ಅದೇ ಕಂಪನಿಯ ಕಾರುಗಳು ಈಗ ನಮ್ಮ ಬಿಡದಿಯಲ್ಲಿಯೂ ತಯಾರಾಗುತ್ತವೆ. ಆ ಹಳೆಯ ಕಾರಿನಿಂದಲೇ ತಕುಮಿಯು ಹೊಸ, ಬಲವಾದ ಕಾರುಗಳನ್ನು ಸೋಲಿಸುತ್ತಾನೆ.

ಇದು ಹೇಗೆ ಸಾಧ್ಯ? ಕಾರು ನೆಲವನ್ನು ಹಿಡಿದುಕೊಂಡಿರುವುದು ನಾಲ್ಕು ಟೈರುಗಳ ಅಂಗೈಯಗಲದ ಭಾಗಗಳಿಂದ ಮಾತ್ರ. ನಿಲ್ಲುವುದಕ್ಕೂ ತಿರುಗುವುದಕ್ಕೂ ಆ ಹಿಡಿತವೇ ಬಂಡವಾಳ. ಒಮ್ಮೆಲೆ ಬ್ರೇಕು ಒತ್ತಿದರೆ ಭಾರವು ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಹಿಂದಿನವು ಹಗುರಾಗಿ ಜಾರಬಹುದು. ಲೋಟದ ನೀರೂ ಅದೇ ಕ್ಷಣದಲ್ಲಿ ಮುಂದಕ್ಕೆ ತುಳುಕುತ್ತದೆ. ನೀರು ಚೆಲ್ಲದಂತೆ ನಡೆಸುವುದೆಂದರೆ ಭಾರವನ್ನು ಮೆಲ್ಲನೆ ಸರಿಸುವುದನ್ನು ಕಲಿಯುವುದು. ಇಳಿಜಾರಿನಲ್ಲಿ ಎಂಜಿನ್ನಿನ ಬಲಕ್ಕಿಂತ ಈ ಕುಶಲತೆಯೂ ಕಾರಿನ ಹಗುರತನವೂ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಇದನ್ನು ನಾನು ನಷ್ಟಪಟ್ಟು ತಿಳಿದೆನು. ನಮ್ಮ ತಂದೆಯವರು ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರುಗಳ ಅಂಗಡಿಗಳಿಗೆ ಸಣ್ಣ ಗೂಡ್ಸ್ ಗಾಡಿಯಲ್ಲಿ ಕೋಳಿಮೊಟ್ಟೆ ಸಾಗಿಸುತ್ತಾರೆ. ಅವರು ಓದಿದ್ದು ನಾಲ್ಕನೆಯ ತರಗತಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಳೆದ ಬೇಸಿಗೆಯಲ್ಲಿ ಅವರಿಗೆ ಜ್ವರ ಬಂದಾಗ, ಲೈಸೆನ್ಸ್ ಪಡೆದಿದ್ದ ನಾನು ಗಾಡಿ ನಡೆಸಿದೆನು. ತಲೆಯಲ್ಲಿ ತಕುಮಿಯ ವೇಗವಿತ್ತು. ಅವನ ಲೋಟದ ನೆನಪಿರಲಿಲ್ಲ. ಮಸ್ಕಿಯ ಸಮೀಪ ರಸ್ತೆಯ ಉಬ್ಬು ಕಂಡು ಗಕ್ಕನೆ ಬ್ರೇಕು ಒತ್ತಿದೆನು. ನಾಲ್ಕು ಟ್ರೇ, ಅಂದರೆ 120 ಮೊಟ್ಟೆಗಳು ಒಡೆದುಹೋದವು. ಅವುಗಳ ಬೆಲೆಯನ್ನು ಬಾಡಿಗೆಯಲ್ಲಿ ಮುರಿದುಕೊಂಡರು. ತಂದೆಯವರು ಬೈಯಲಿಲ್ಲ. “ಓಡ್ಸೂದು ದೊಡ್ಡದಲ್ಲ ತಮ್ಮಾ, ತತ್ತಿ ಒಡೀಲಾರ್ದಂಗ ಮುಟ್ಸೂದು ದೊಡ್ಡದು” ಎಂದಷ್ಟೇ ಹೇಳಿದರು.

ಈ ಕಥೆಯಲ್ಲಿ ಒಪ್ಪಲಾಗದ ಸಂಗತಿಗಳೂ ಉಂಟು. ತಕುಮಿಯು ಲೈಸೆನ್ಸಿನ ವಯಸ್ಸಿಗೆ ಮೊದಲೇ ಕಾರು ನಡೆಸುತ್ತಾನೆ. ಜನರು ತಿರುಗಾಡುವ ರಸ್ತೆಯಲ್ಲಿ ಪಂದ್ಯ ಹೂಡುತ್ತಾನೆ. ಭತ್ತದ ಟ್ರ್ಯಾಕ್ಟರು, ಕುರಿಹಿಂಡು, ಶಾಲೆಯ ಮಕ್ಕಳು ಎದುರಾಗುವ ನಮ್ಮ ರಸ್ತೆಗಳಲ್ಲಿ ಇದು ಅಪರಾಧವೂ ಹೌದು, ಅವಿವೇಕವೂ ಹೌದು. ಗೆಳೆಯರು ಆ ಚಿತ್ರದಿಂದ ವೇಗವನ್ನಷ್ಟೇ ಕಲಿತು ಬರುತ್ತಾರೆ. ಆದರೆ ತಕುಮಿಯ ವಿದ್ಯೆ ಪಂದ್ಯದಿಂದ ಬಂದುದಲ್ಲ; ಐದು ವರ್ಷ ದಿನವೂ ಸರಕು ಹೊತ್ತು ಬಂದುದು. ಅಂಥ ವಿದ್ಯಾವಂತರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅದನ್ನು ನನಗೆ ತೋರಿಸಿಕೊಟ್ಟುದಕ್ಕಾಗಿಯೇ ಆ ಚಿತ್ರ ನನಗೆ ಪ್ರಿಯ.

ಈಗ ಗಾಡಿ ನಡೆಸುವಾಗ ನಾನೂ ಮುಂದೆ ಒಂದು ಲೋಟ ನೀರಿಟ್ಟುಕೊಳ್ಳುತ್ತೇನೆ. ಅದು ಇನ್ನೂ ಚೆಲ್ಲುತ್ತದೆ. ಮೊಟ್ಟೆಗಳು ಮಾತ್ರ ಒಡೆದಿಲ್ಲ.